ಮನೆರಕ್ತ

ಮಾರ್ಚ್ ೪, ಸೋಮವಾರ

ಇವತ್ತಿನಿಂದ ಮಾತ್ರೆ. ಯಾರಿಗೂ ಹೇಳುವಂತಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮಾತ್ರೆ ಹಳೆಯ ಕನ್ನಡಕದ ಡಬ್ಬಿಯಲ್ಲಿದೆ, ಡಬ್ಬಿ ಕಪಾಟಿನಲ್ಲಿ ಚಳಿಗಾಲದ ಬಟ್ಟೆಗಳ ಅಡಿಯಲ್ಲಿದೆ. ಕದ್ದ ಮಾಲು ಬಚ್ಚಿಡುವವಳ ಹಾಗೆ ಬಾಗಿಲು ಹಾಕಿಕೊಂಡು ನುಂಗಿದೆ.

ಡಾಕ್ಟರನ್ನು ಹುಡುಕಿದ್ದೂ ಹಾಗೆಯೇ, ಊರಿನ ಇನ್ನೊಂದು ತುದಿಯಲ್ಲಿ, ನಮ್ಮವರಾರೂ ಕಾಲಿಡದ ಕ್ಲಿನಿಕ್ಕಿನಲ್ಲಿ. ರಕ್ತದ ವರದಿ ನೋಡಿ ಅವರು ಹುಬ್ಬೇರಿಸಿದರು.

"ಮನೇಲಿ ಯಾರಾದ್ರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಆಗಿ ಹೋಗಿದಾರಾ?"

"ನಮ್ಮಣ್ಣ."

"ಎಷ್ಟು ವಯಸ್ಸಿತ್ತು?"

"ಈಗ ನನಗೆಷ್ಟೋ ಅಷ್ಟೇ."

ಅವರು ಪೆನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ಸರಿಯಾಗಿ ನೋಡಿದರು. "ಕೊಲೆಸ್ಟರಾಲ್ ಇಳಿಸೋ ಮಾತ್ರೆ ಕೊಡ್ತೀನಿ, ದಿನಕ್ಕೊಂದು. ನಿಲ್ಲಿಸಬೇಡಿ. ಚೆನ್ನಾಗಿ ನಡೀರಿ. ಭಯ ಏನೂ ಬೇಡ" ಅಂದರು. ಭಯ ಬೇಡ ಅನ್ನುವವರೆಲ್ಲ ಭಯಪಡುವ ವಿಷಯ ಹೇಳಿ ಮುಗಿಸಿದ ಮೇಲೇ ಹಾಗನ್ನುವುದು.

ಅಣ್ಣ ಬೆಳಿಗ್ಗೆ ಕೆಲಸಕ್ಕೆ ಹೊರಟವನು, ಬಾಗಿಲ ಬಳಿ ಶೂ ಲೇಸ್ ಕಟ್ಟಿಕೊಳ್ಳಲು ಬಗ್ಗಿದ. ಮತ್ತೆ ಏಳಲಿಲ್ಲ. ಅವತ್ತಿನಿಂದ ನಾನು ಲೇಸಿರುವ ಯಾವುದನ್ನೂ ಕಾಲಿಗೆ ಹಾಕಿಲ್ಲ. ಅಮ್ಮ ಅವತ್ತಿನಿಂದ ನಮ್ಮ ಜೊತೆಗಿದ್ದಾಳೆ. ನಾನು ಕೆಮ್ಮಿದರೂ ಅಡುಗೆಮನೆಯಿಂದ ಓಡಿ ಬರುತ್ತಾಳೆ. ಅವಳಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ? ಇವರಿಗೆ ಹೇಳೋಣವೆಂದರೆ, ನನ್ನ ಗಂಡನ ಮುಖ ಗಾಜಿನ ಲೋಟವಿದ್ದಂತೆ, ಒಳಗಿರುವುದೆಲ್ಲ ಅಮ್ಮನಿಗೆ ಕಂಡುಬಿಡುತ್ತದೆ. ಅಲ್ಲದೆ ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹುಚ್ಚು ಭಯವೂ ಇದೆ.

ಮಾರ್ಚ್ ೬, ಬುಧವಾರ

ತಮಾಷೆಯೆಂದರೆ, ನಮ್ಮ ಲ್ಯಾಬಿನಲ್ಲಿ ಪರೀಕ್ಷೆ ಮಾಡುತ್ತಿರುವುದೂ ಇದೇ ಮಾತ್ರೆಯನ್ನು. ಕೊಲೆಸ್ಟರಾಲಿಗಲ್ಲ, ಕೀಲುಗಳ ಉರಿಯೂತಕ್ಕೆ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಲೆಕೆಟ್ಟು ಕೀಲುಗಳ ಮೇಲೆ ಬೀಳುವ ಕಾಯಿಲೆ ಅದು. ಈ ಮಾತ್ರೆ ಆ ಕಣಗಳನ್ನು ತಣ್ಣಗೆ ಮಾಡೀತೇ ಎಂಬುದು ನಮ್ಮ ಮೇಡಂ ಹಿಡಿದಿರುವ ಪ್ರಶ್ನೆ. ಅರ್ಧ ರೋಗಿಗಳಿಗೆ ನಿಜವಾದ ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ನನ್ನ ಕೆಲಸ ಅವರ ರಕ್ತವನ್ನು ಕೆಣಕುವುದು. ಸತ್ತ ಬ್ಯಾಕ್ಟೀರಿಯಾದ ಚೂರು ಹಾಕಿ ಬೆಚ್ಚಗಿಟ್ಟರೆ ಬಿಳಿ ಕಣಗಳು ಶತ್ರು ಬಂದನೆಂದು ರೇಗುತ್ತವೆ. ರೇಗಿದವಕ್ಕೆ ಬಣ್ಣ ಹತ್ತುತ್ತದೆ. ಒಂದೊಂದನ್ನೇ ಬೆಳಕಿನ ಮುಂದೆ ಹಾಯಿಸಿ ಎಣಿಸುವ ಮೆಷಿನ್ನಿಗೆ ನಾವಿಟ್ಟ ಹೆಸರು ಅತ್ತೆ. ಬೆಳಿಗ್ಗೆ ಅದರ ಮನಸ್ಸು ಹೇಗಿದೆಯೆಂದು ನೋಡಿಕೊಂಡೇ ಮುಂದಿನ ಮಾತು.

ಅತ್ತೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಆದ್ದರಿಂದ ಪ್ರತಿ ಸಲ ರೋಗಿಗಳ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಓಡಿಸುತ್ತೇವೆ, ರೋಗಿಗಳದ್ದು ಅದಕ್ಕಿಂತ ಎಷ್ಟು ಪಟ್ಟು ಹೆಚ್ಚು ಎಂದೇ ವರದಿ ಬರೆಯುತ್ತೇವೆ. ಲ್ಯಾಬಿನಲ್ಲಿ ಅದಕ್ಕೆ ಮನೆರಕ್ತ ಅನ್ನುತ್ತಾರೆ. ಮನೆರಕ್ತ ವರ್ಷಗಳಿಂದಲೂ ನನ್ನದೇ. ಮೆಷಿನ್ನಿನ ಪರೀಕ್ಷೆಗೆ ಪ್ಲಾಸ್ಟಿಕ್ಕಿನ ಸಣ್ಣ ಮಣಿಗಳೂ ಇವೆ, ಆದರೆ ಮೇಡಂ ಹೊಸಬರ ಮುಂದೆ ಯಾವಾಗಲೂ ಹೇಳುವುದು ಒಂದೇ: "ಮಣಿ ಬೇಕಾದ್ರೆ ಸುಳ್ಳು ಹೇಳಬಹುದು, ಇವಳ ರಕ್ತ ಹೇಳಲ್ಲ." ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು.

ಇವತ್ತು ರಕ್ತ ತೆಗೆದದ್ದು ಎಂದಿನಂತೆ ಗೊಣಗಪ್ಪ. ಬೆಳಿಗ್ಗೆಯ ಬಸ್ಸಿನಿಂದ ಹಿಡಿದು ಸಂಜೆಯ ಚಹಾದವರೆಗೆ ಎಲ್ಲದಕ್ಕೂ ಗೊಣಗುವ ನನ್ನ ಸಹೋದ್ಯೋಗಿ. "ಜ್ವರ, ನೆಗಡಿ, ಮಾತ್ರೆ ಏನಾದ್ರೂ?" ಎಂದು ತಲೆಯೆತ್ತದೆ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಮೂರಕ್ಕೂ ಇಲ್ಲ ಎಂದು ಗೀಟೆಳೆದಾಗಿತ್ತು. ನಾನೂ ಸುಮ್ಮನಾದೆ. ಎರಡು ದಿನದ ಮಾತ್ರೆಯಿಂದ ಏನಾಗುತ್ತದೆ?

ರೋಗಿಗಳಲ್ಲಿ ಟೈಲರಮ್ಮ ಬಂದಿದ್ದರು. ಶಾಲೆಯ ಯೂನಿಫಾರ್ಮ್ ಹೊಲಿಯುವವರು. ಬೆರಳ ಗೆಣ್ಣುಗಳು ಊದಿಕೊಂಡು ಮುಷ್ಟಿ ಮುಚ್ಚಲಾಗುವುದಿಲ್ಲ. "ನಿಮ್ಮ ಕೈ ಎಷ್ಟು ತಣ್ಣಗಿದೆಯಮ್ಮಾ" ಅಂದರು ನನಗೆ. ಕೈ ತಣ್ಣಗಿರುವುದು ಹೃದಯ ಸರಿಯಾಗಿ ಓಡದವರಿಗಲ್ಲವೇ?

ಮಾರ್ಚ್ ೧೫, ಶುಕ್ರವಾರ

ತೊಡೆ ನೋವು. ಮಾತ್ರೆಯ ಜೊತೆಗಿದ್ದ ಕಾಗದದಲ್ಲಿ ಸ್ನಾಯು ನೋವು ಎಂದು ಓದಿದೆ, ಓದಿದ ಮೇಲೇ ನೋವು ಬಂತು. ಅದರಲ್ಲಿ ಲಿವರಿನ ಸುದ್ದಿಯೂ ಇದೆ. ಬಚ್ಚಲಿನ ಕನ್ನಡಿಯಲ್ಲಿ ಕಣ್ಣಿನ ಬಿಳಿ ಹಳದಿಯಾಗಿ ಕಂಡಿತು. ಬಲ್ಬೇ ಹಳದಿ ಎಂದು ಆಮೇಲೆ ಹೊಳೆಯಿತು. ಬಾಲ್ಕನಿಗೆ ಹೋಗಿ ಬಿಸಿಲಿನಲ್ಲಿ ಮತ್ತೆ ನೋಡಿಕೊಂಡೆ. ಮಾತ್ರೆ ನುಂಗಿದರೆ ಮಾತ್ರೆಯ ಭಯ, ನುಂಗದಿದ್ದರೆ ಅಣ್ಣನ ಭಯ.

ತೂಕ ಇಳಿಸಬೇಕು, ನಡೆಯಬೇಕು ಎಂದಷ್ಟೇ ಇವರಿಗೆ ಹೇಳಿದ್ದೆ. ಬಸ್ ಡಿಪೋದಲ್ಲಿ ರಿಪೇರಿ ಕೆಲಸ ಮುಗಿಸಿ ಬರುವಾಗ ಶೂ ಕೊಂಡುತಂದರು. ಲೇಸಿನದು. ಬೆನ್ನು ಬಗ್ಗುವುದಿಲ್ಲ ಎಂದು ನೆಪ ಹೇಳಿದೆ. ಎಣ್ಣೆ ಮೆತ್ತಿದ ಕೈಯಲ್ಲೇ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ತಾವೇ ಕಟ್ಟಿದರು.

"ಮಹಾರಾಣಿಯವರ ಪಾದಸೇವೆ ಸಿಕ್ಕಿದೆ. ಸಂಬಳ ಎಷ್ಟು ಕೊಡ್ತೀರಿ?"

ನಗು ಬಂತು. ಆದರೆ ಅವರ ಬಗ್ಗಿದ ಕತ್ತು ಕಂಡದ್ದೇ ಅಣ್ಣ ನೆನಪಾದ. "ಏಳಿ, ಸಾಕು, ಬೇಗ ಏಳಿ" ಅಂದೆ. ಅವರು ಎದ್ದು, ಏನಾಯಿತು ಎನ್ನುವಂತೆ ನೋಡಿದರು.

ಏಪ್ರಿಲ್ ೨, ಮಂಗಳವಾರ

ಮನೆರಕ್ತ ಇಳಿದಿದೆ.

ಪರದೆಯ ಮೇಲೆ ರೇಗಿದ ಕಣಗಳು ಬಲ ಮೂಲೆಯಲ್ಲಿ ಒತ್ತೊತ್ತಾಗಿ ಚುಕ್ಕೆಗಳಾಗಿ ಕಾಣಬೇಕು. ನನ್ನದರಲ್ಲಿ ಆ ಮೂಲೆ ತೆಳುವಾಗಿದೆ. "ಏನಕ್ಕಾ, ನಿನ್ನ ಸೈನ್ಯ ಗೊರಕೆ ಹೊಡೀತಿದೆ?" ಎಂದ ಗೊಣಗಪ್ಪ. ಮೇಡಂ ಬಂದು ನೋಡಿದರು. ಬಣ್ಣ ಹಳೆಯದಿರಬೇಕೆಂದು ಹೊಸ ಶೀಸೆ ಒಡೆಸಿದರು. ಮತ್ತೆ ಓಡಿಸಿದಾಗಲೂ ಅಷ್ಟೇ ಬಂತು. ಮಣಿಗಳು ಮಾತ್ರ ಎಂದಿನ ಜಾಗದಲ್ಲೇ ಇದ್ದವು.

ಕೆಣಕಿದರೂ ಏಳದ ಕಣಗಳೆಂದರೆ ಏನರ್ಥ? ರಕ್ತವೇ ಕೆಟ್ಟಿರಬೇಕು. ಇಷ್ಟು ದಿನ ಹೃದಯವನ್ನು ಕಾಯುತ್ತಾ ಕೂತೆ, ರೋಗ ಹಿಂಬಾಗಿಲಿನಿಂದ ಬಂತೇ? ಕ್ಯಾನ್ಸರ್ ಎಂಬ ಪದ ಬರೆಯಲು ಕೈ ಬರುತ್ತಿರಲಿಲ್ಲ. ಬರೆದುಬಿಟ್ಟೆ.

ಏಪ್ರಿಲ್ ೩

ಕತ್ತಿನಲ್ಲಿ, ಕಂಕುಳಲ್ಲಿ ಗಂಟು ಹುಡುಕಿದೆ. ಇಲ್ಲ. ಒತ್ತಿ ಒತ್ತಿ ಈಗ ಅಲ್ಲೆಲ್ಲ ನೋವು.

ಏಪ್ರಿಲ್ ೧೯, ಶುಕ್ರವಾರ

ಮೀಟಿಂಗಿನಲ್ಲಿ ಮೇಡಂ ಮುಖ ಕಪ್ಪಿಟ್ಟಿತ್ತು. ರೋಗಿಗಳೆಲ್ಲರ ಅಂಕಿ ಏರಿದೆ. ಒಬ್ಬಿಬ್ಬರದಲ್ಲ, ಎಲ್ಲರದೂ. ಮಾತ್ರೆ ಉರಿಯೂತವನ್ನು ಆರಿಸುವ ಬದಲು ಊದಿ ಹತ್ತಿಸುತ್ತಿದೆಯೇನೋ ಎಂಬ ಅನುಮಾನ ಅವರಿಗೆ.

ಗೊಣಗಪ್ಪ ಗೊಣಗಿದ. "ಮನೆರಕ್ತ ಇಳಿದಿದ್ದಕ್ಕೆ ಅವರದು ಏರಿದ ಹಾಗೆ ಕಾಣ್ತಿರಬಹುದಲ್ಲ ಮೇಡಂ?"

"ಮನೆರಕ್ತ ಯಾಕೆ ಇಳಿಯುತ್ತೆ? ಅವಳು ಗುಂಡುಕಲ್ಲಿನ ಹಾಗಿದಾಳೆ. ಮಣಿ ಏನೇ ಹೇಳಲಿ, ಅತ್ತೆನೇ ಎಲ್ಲರದ್ದನ್ನೂ ಕಮ್ಮಿ ತೋರಿಸ್ತಿದಾಳೆ. ಕಮ್ಮಿ ತೋರಿಸೋ ಮೆಷಿನ್ನಲ್ಲೂ ರೋಗಿಗಳದ್ದು ಹೆಚ್ಚುಕಮ್ಮಿ ಮೊದಲಿನಷ್ಟೇ ಬರ್ತಿದೆ ಅಂದ್ರೆ ಒಳಗೆ ಎಷ್ಟು ಏರಿರಬೇಕು, ನೀವೇ ಹೇಳಿ." ಮೇಡಂ ನನ್ನ ಕಡೆ ತಿರುಗಿದರು. "ನಿನಗೇನೂ ಇಲ್ಲ ತಾನೇ?"

"ಇಲ್ಲ ಮೇಡಂ" ಅಂದೆ.

ಆ ಮಾತು ಬಾಯಿಂದ ಬಿದ್ದ ಕ್ಷಣವೇ ನನಗೆ ಗೊತ್ತಾಯಿತು. ನನ್ನ ರಕ್ತಕ್ಕೆ ಯಾವ ರೋಗವೂ ಬಂದಿಲ್ಲ. ಆ ಕಣಗಳನ್ನು ಮಲಗಿಸಿರುವುದು ಕನ್ನಡಕದ ಡಬ್ಬಿಯಲ್ಲಿರುವ ಮಾತ್ರೆ. ಬೇರೆಯವರ ರಕ್ತದಲ್ಲಿ ದಿನವಿಡೀ ಹುಡುಕುವುದು ನನ್ನದರಲ್ಲೇ ಕಣ್ಣಿಗೆ ರಾಚುತ್ತಿದ್ದರೂ, ಸಾವೊಂದನ್ನು ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ನಾನು ತಣ್ಣಗಾದಷ್ಟೂ ವರದಿಯಲ್ಲಿ ಅವರೆಲ್ಲ ಉರಿಯುತ್ತಾರೆ.

ಹೇಳಬೇಕಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಣ್ಣನ ಕಾಯಿಲೆ ನನಗೂ ಇದೆ ಎಂದು ಇಷ್ಟು ಜನರೆದುರು ಹೇಗೆ ಹೇಳಲಿ? ಹೊರಗೆ ಬೆಂಚಿನ ಮೇಲೆ ಟೈಲರಮ್ಮ ಕೂತಿದ್ದರು. ನನ್ನನ್ನು ಕಂಡದ್ದೇ ಮುಷ್ಟಿ ಮುಚ್ಚಿ, ಬಿಚ್ಚಿ ತೋರಿಸಿದರು. "ನೋಡಿ, ಸೂಜಿಗೆ ದಾರ ಪೋಣಿಸೋಕೆ ಈಗ ಯಾರನ್ನೂ ಕರೀತಿಲ್ಲ." ನಾನು ನಕ್ಕಂತೆ ಮಾಡಿ ಒಳಗೆ ಹೋದೆ.

ಏಪ್ರಿಲ್ ೨೪, ಬುಧವಾರ

ಮಾತ್ರೆ ಬಿಟ್ಟಿದ್ದೇನೆ. ಮುಂದಿನ ಸಲ ರಕ್ತ ಕೊಡುವ ಹೊತ್ತಿಗೆ ನನ್ನದು ಮೊದಲಿನಂತಾದರೆ ರೋಗಿಗಳ ಅಂಕಿ ತಾನಾಗಿಯೇ ಇಳಿಯುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಪ್ರಯೋಗ ಮುಗಿದ ಮೇಲೆ ಮತ್ತೆ ಶುರು ಮಾಡಿದರಾಯಿತು. ಅಲ್ಲಿಯವರೆಗೆ ನನ್ನ ಹೃದಯ ತಡೆದುಕೊಳ್ಳಬೇಕು.

ಇದನ್ನು ಬರೆದು ಓದಿಕೊಂಡಾಗ ಬೇರೆ ಯಾರೋ ಬರೆದಂತಿದೆ.

ಮೇ ೭, ಮಂಗಳವಾರ

ನಮ್ಮ ಮನೆಯಿರುವ ಎರಡನೇ ಮಹಡಿಗೆ ಹತ್ತುವುದರೊಳಗೆ ಕಂಬಿ ಹಿಡಿದು ನಿಂತೆ. ಎಡ ಭುಜದಲ್ಲಿ ಚಳುಕು. ಬ್ಯಾಗ್ ಹೊತ್ತದ್ದಕ್ಕಿರಬೇಕು ಎಂದುಕೊಂಡೆ, ಬ್ಯಾಗ್ ಇದ್ದದ್ದು ಬಲ ಭುಜದಲ್ಲಿ. ಮನೆಯಲ್ಲಿ ಅಮ್ಮ ಹೊಸ್ತಿಲಲ್ಲೇ ಮುಖ ನೋಡಿ "ಯಾಕೆ ಬಿಳಿಚಿಕೊಂಡಿದೀಯಾ?" ಅಂದಳು. ಬಿಸಿಲು ಅಂದೆ. ಹೊರಗೆ ಮೋಡ ಕವಿದಿತ್ತು.

ಇವರು ದಿನಾ ಬೆಳಿಗ್ಗೆ ಶೂ ಲೇಸ್ ಕಟ್ಟುತ್ತಾರೆ. ಈಗ ತಮಾಷೆ ಮಾಡುತ್ತಿಲ್ಲ.

ಮೇಡಂ ನನ್ನ ಮುಂದಿನ ರಕ್ತಕ್ಕೆ ಕಾಯಲೇ ಇಲ್ಲ. ರೋಗಿಗಳ ಜೀವದ ಜೊತೆ ಆಟವಾಡಲಾರೆ ಎಂದು ಎಲ್ಲರಿಗೂ ಫೋನ್ ಮಾಡಿಸಿದ್ದಾರೆ: ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ತಂದುಕೊಡಿ. ಆ ಫೋನುಗಳಲ್ಲಿ ಅರ್ಧ ಮಾಡಿದವಳು ನಾನೇ. "ಯಾಕೆ? ಏನಾಯ್ತು?" ಎಂದು ಒಬ್ಬೊಬ್ಬರೂ ಕೇಳಿದರು. ಒಳಗೆ ಉರಿ ಜಾಸ್ತಿಯಾದ ಹಾಗಿದೆ ಎಂದು ಮೇಡಂ ಹೇಳಿಕೊಟ್ಟಂತೆ ಹೇಳಿದೆ.

ಮೇ ೯, ಗುರುವಾರ

ಆತುರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೇಗೆ ಬಂದರೆ ಹಾಗೆ.

ಟೈಲರಮ್ಮ ಮಾತ್ರೆ ವಾಪಸ್ ಕೊಡಲು ಬಂದರು. ಹೊಲಿದ ಬಟ್ಟೆ ಕೊಡುವಂತೆ ಪುಟ್ಟ ಚೀಲದಲ್ಲಿ ಹಾಕಿ ದಾರ ಕಟ್ಟಿ ತಂದಿದ್ದರು. ನಾನು ಎಣಿಸಿ ಪೆಟ್ಟಿಗೆಗೆ ಹಾಕುತ್ತಿದ್ದರೆ ಅವರು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಒಳಗೆ ಉರಿ ಜಾಸ್ತಿಯಾಗಿದೆ ಅಂತ ಫೋನಲ್ಲಿ ಹೇಳಿದ್ರು. ನನಗೆ ಹಗುರಾಗಿದೆ ಅನ್ನಿಸ್ತಿತ್ತಮ್ಮಾ. ಮಗಳಿಗೂ ಹೇಳಿದ್ದೆ. ನನ್ನ ಬೆರಳು ನನಗೇ ಸುಳ್ಳು ಹೇಳ್ತಿದ್ವಾ?"

ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. "ಮೊನ್ನೆಯಿಂದ ಸೂಜಿ ಮುಟ್ಟೋಕೇ ಭಯ. ಒಳಗೆ ಏನೇನು ಸುಡ್ತಿದೆಯೋ ಯಾರಿಗೆ ಗೊತ್ತು" ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಹೊರಟುಹೋದರು.

ಆ ದನಿ ನನ್ನದೇ. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಮಾತಾಡುವ ದನಿ. ನನ್ನ ಭಯವನ್ನು ಗಂಟು ಕಟ್ಟಿ ಅವರ ಕೈಗೆ ಕೊಟ್ಟು ಕಳಿಸಿದ್ದೆ.

ಮೆಟ್ಟಿಲಿಳಿದು ಓಡಿದೆ. ಗೇಟಿನ ಹತ್ತಿರ ಲೇಸ್ ಬಿಚ್ಚಿಕೊಂಡು ಕಾಲಿಗೆ ತೊಡರಿತು, ಬಗ್ಗಿ ಕಟ್ಟಿಕೊಂಡು ಮತ್ತೆ ಓಡಿದೆ. ಬಸ್ ಬಂದು ನಿಂತಿತ್ತು, ಅವರ ಒಂದು ಕಾಲು ಮೆಟ್ಟಿಲ ಮೇಲಿತ್ತು. ತೋಳು ಹಿಡಿದು ಎಳೆದೆ.

"ನಿಮ್ಮ ಬೆರಳು ಸುಳ್ಳು ಹೇಳ್ತಿಲ್ಲ. ಉರೀತಿರೋದು ನೀವಲ್ಲ."

"ಮತ್ತೆ?"

"ನಿಮ್ಮನ್ನ ನನ್ನ ರಕ್ತದ ಜೊತೆ ಇಟ್ಟು ಅಳೀತಾರೆ. ನಾನು ಮಾತ್ರೆ ತಗೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ನಮ್ಮಣ್ಣ ಹಾರ್ಟ್ ಅಟ್ಯಾಕಲ್ಲಿ ಹೋದ. ನನಗೂ ಹಂಗೇ ಆಗುತ್ತೆ ಅಂತ ಭಯ."

ಕಂಡಕ್ಟರ್ "ಹತ್ತೋರು ಹತ್ರಮ್ಮಾ" ಎಂದು ಕೂಗುತ್ತಿದ್ದ. ಟೈಲರಮ್ಮನಿಗೆ ಅಳತೆಯ ವಿಷಯ ಎಷ್ಟು ತಿಳಿಯಿತೋ ಕಾಣೆ. ಅವರ ಕಣ್ಣಲ್ಲಿ ಸಿಟ್ಟು ಬಂತು, ಬರಬೇಕಾದದ್ದೇ. "ಮೊನ್ನೆ ಫೋನ್ ಮಾಡಿದವರೂ ನೀವೇ ಅಲ್ವಾ?" ಅಂದರು. ಹೌದು ಅಂದೆ. ಬಸ್ ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಮೊದಲು ಒಳಗೆ ಹೋಗಿ ಅವರಿಗೆ ಹೇಳಿ. ಆಮೇಲೆ ನಿಮ್ಮ ಮಾತ್ರೆ ತಗೊಳ್ಳಿ."

ಅಲ್ಲಿಂದ ನೇರ ಮೇಡಂ ಕೋಣೆಗೆ. ಬಾಗಿಲು ಹಾಕಿದ್ದರೂ ಇಡೀ ಮಹಡಿಗೆ ಕೇಳುವಂತೆ ಬೈದರು. "ನಿನ್ನ ರಕ್ತ ಸುಳ್ಳು ಹೇಳಲ್ಲ ಅಂತ ಊರಿಗೆಲ್ಲ ಸಾರಿದೆನಲ್ಲೇ!"

"ಅದು ನಿಜಾನೇ ಹೇಳ್ತು ಮೇಡಂ. ನಾನೇ ಬಾಯಿ ಬಿಡಲಿಲ್ಲ."

ಅವರು ಮೇಜಿನ ಮೇಲಿದ್ದ ವರದಿಗಳನ್ನು ಮಗುಚಿ ಹಾಕಿದರು. ಆಮೇಲೆ, "ಎದೆ ನೋವಿದೆಯಾ?" ಎಂದು ಕೇಳಿದರು. ಈ ಭುಜ, ಆ ಮೆಟ್ಟಿಲು ಎಲ್ಲ ಹೇಳಿದೆ. ಕೂಡಲೇ ಇಸಿಜಿ ಮಾಡಿಸಿದರು. ಸದ್ಯಕ್ಕೆ ಏನೂ ಕಾಣಲಿಲ್ಲ. ಮಾತ್ರೆ ಇವತ್ತೇ ಶುರು ಮಾಡು ಅಂದರು, ಆ ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಮೇ ೧೦, ಶುಕ್ರವಾರ

ಮನೆಯಲ್ಲೂ ಹೇಳಿದೆ. ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಇವರು "ಮೆಟ್ಟಿಲಲ್ಲಿ ನೀನು ನಿಲ್ಲೋದು ನೋಡಿದ್ದೆ, ಕೇಳಿದ್ರೆ ಏನು ಹೇಳ್ತೀಯೋ ಅಂತ ಧೈರ್ಯ ಸಾಲಲಿಲ್ಲ" ಅಂದರು. ಈ ಮನೆಯಲ್ಲಿ ಪುಕ್ಕಲು ನಾನೊಬ್ಬಳೇ ಎಂದುಕೊಂಡಿದ್ದೆ.

ಅಮ್ಮ ಕುಸಿಯುತ್ತಾಳೆ ಎಂದು ಕೈ ಚಾಚಿಕೊಂಡೇ ಕೂತಿದ್ದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ಮಾತ್ರೆ ನೋಡಿದಳು, ಮತ್ತೆ ಮುಚ್ಚಿದಳು.

"ನಿಮ್ಮಣ್ಣ ಆ ವಾರ ನನ್ನ ಹತ್ರ ಗ್ಯಾಸಿನ ಮಾತ್ರೆ ಕೇಳಿ ಕೇಳಿ ತಗೊಂಡಿದ್ದ. ಎದೆ ಉರಿ ಅಂದಿದ್ದ. ಕೊಟ್ಟೆ. ಯಾವಾಗಿಂದ, ಹೆಂಗೆ ಅಂತ ಒಂದು ಮಾತು ಕೇಳಲಿಲ್ಲ. ಅವನೂ ಹೇಳಲಿಲ್ಲ."

ಇಷ್ಟು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅವಳು ಅಳಲಿಲ್ಲ. ನೀರಿನ ಲೋಟ ತಂದು, ನಾನು ನುಂಗುವವರೆಗೂ ನಿಂತಿದ್ದಳು.

ಮೇ ೧೪, ಮಂಗಳವಾರ

ಮನೆರಕ್ತವನ್ನು ಪಕ್ಕಕ್ಕಿಟ್ಟು, ಮಣಿಗಳ ಲೆಕ್ಕದಲ್ಲಿ ಎಲ್ಲವನ್ನೂ ಮತ್ತೆ ನೋಡಿದೆವು. ರೋಗಿಗಳು ಯಾರೂ ಉರಿಯುತ್ತಿಲ್ಲ. ಕೆಲವರದ್ದು ಇಳಿದಿದೆ, ಕೆಲವರದ್ದು ಇದ್ದಲ್ಲೇ ಇದೆ. ಇಳಿದವರು ನಿಜವಾದ ಮಾತ್ರೆಯವರೋ ಅಲ್ಲವೋ, ಕೊನೆಗೇ ಗೊತ್ತಾಗುವುದು. ಮತ್ತೆ ಎಲ್ಲರಿಗೂ ಫೋನ್: ಮಾತ್ರೆ ಮುಂದುವರಿಸಬಹುದು, ಬನ್ನಿ. ಈ ಸಲ ಎಲ್ಲವನ್ನೂ ನಾನೇ ಮಾಡಿದೆ, ಕಾರಣವನ್ನೂ ಹೇಳಿದೆ. ಇಬ್ಬರು ಇನ್ನು ಬರುವುದಿಲ್ಲ ಎಂದು ಫೋನ್ ಇಟ್ಟರು. ಟೈಲರಮ್ಮ ಬರುತ್ತೇನೆಂದರು. ಮೇಡಂ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಾರೆ.

ಜೂನ್ ೩, ಸೋಮವಾರ

ಈಗ ಮನೆರಕ್ತ ಗೊಣಗಪ್ಪ. ಬೆಳಿಗ್ಗೆಯಿಂದ ಗೊಣಗುತ್ತಲೇ ಇದ್ದ: ಸೂಜಿ ದಪ್ಪ, ಕುರ್ಚಿ ಗಟ್ಟಿ, ನನ್ನ ರಕ್ತ ಯಾರಿಗೆ ಬೇಕಾಗಿದೆ. ನಾನು ಅವನ ತೋಳಿಗೆ ಪಟ್ಟಿ ಕಟ್ಟಿದೆ.

"ನಿನ್ನ ಕೈ ಏನಕ್ಕಾ ಇಷ್ಟು ಬೆಚ್ಚಗಿದೆ?" ಅಂದ. ಸೆಕೆ ಅಂದೆ.

"ಜ್ವರ?"

"ಇಲ್ಲ."

"ನೆಗಡಿ?"

"ಇಲ್ಲ ಮಾರಾಯ್ತಿ, ಎಲ್ಲಾ ಇಲ್ಲ, ಗೀಟು ಹಾಕು."

"ಮಾತ್ರೆ ಏನಾದ್ರೂ?"

"ಇಲ್ಲ" ಅಂದ.

ನಾನು ಪೆನ್ನು ಮುಟ್ಟಲಿಲ್ಲ. ಅವನ ಮುಖವನ್ನೇ ನೋಡುತ್ತಾ ಕೂತೆ. ಅತ್ತೆ ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಅವನು ಸೂಜಿ ನೋಡಿದ, ಬಾಗಿಲು ನೋಡಿದ. ಆಮೇಲೆ ನಾನು ಈ ಲ್ಯಾಬಿನಲ್ಲಿ ಎಂದೂ ಕೇಳಿರದ ಸಣ್ಣ ದನಿಯಲ್ಲಿ, "ಬಿಪಿದು ಒಂದು ತಗೋತಿದೀನಿ. ಮನೇಲಿ ಗೊತ್ತಿಲ್ಲ. ಅದೂ ಲೆಕ್ಕಕ್ಕೆ ಬರುತ್ತಾ ಅಕ್ಕಾ?" ಅಂದ.

ತೋಳಿನ ಪಟ್ಟಿ ಬಿಚ್ಚಿದೆ. ಸೂಜಿಯನ್ನು ತಟ್ಟೆಯಲ್ಲಿಟ್ಟು, ನನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.

"ಯಾವಾಗಿಂದ?" ಎಂದು ಕೇಳಿದೆ.